ಮಹಾಭೂಮಿಯ ದಾನ

ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಟ್ಟುಬಿಡಬೇಕೆಂಬ ವಿಧಿಯುಂಟು. ಯಜಮಾನನು ಚಕ್ರವರ್ತಿಯಾಗಿದ್ದ ಪಕ್ಷದಲ್ಲಿ ಅವನು ತನ್ನ ಧನಕನಕಗಳೊಡನೆ ತಾನು ಆಳುವ ಭೂಮಿಯನ್ನೂ ಧಾರೆಯೆರೆದು ಕೊಡತಕ್ಕದ್ದೋ ಕೊಡಕೂಡದೋ ಎಂಬ ಶಂಕೆಯನ್ನು ಜೈಮಿನಿ ಮಹರ್ಷಿಯು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಎತ್ತಿ, ಕೊಡಕೂಡದೆಂದು ನಿರ್ಣಯಿಸಿರುವನು. ಭೂಮಿಯು ಸರ್ವರಿಗೂ ಸಮಾನವಾದುದರಿಂದ ಅದು ಅರಸನ ಸ್ವತ್ತಲ್ಲವೆಂಬುದೇ ಅಲ್ಲಿನ ಹೇತು. ಒಬ್ಬನು ಒಂದು ಹೊಲಕ್ಕೆ ಒಡೆಯನಾಗಬಹುದಲ್ಲದೆ ಭೂಮಂಡಲಕ್ಕೆ ಒಡೆಯನಾಗಲಾರನೆಂದು ಶಬರಸ್ವಾಮಿಯು ಭಾಷ್ಯದಲ್ಲಿ ಬಿಡಿಸಿ ಹೇಳುತ್ತಾನೆ. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಮಾಧವಾಚಾರ್ಯರು ಜೈಮಿನೀಯ ನ್ಯಾಯಮಾಲೆಯಲ್ಲಿ ಇದೇ ಅಧಿಕರಣವನ್ನು ಸಂಗ್ರಹಿಸುತ್ತ, ರಾಜತ್ವವೆಂದರೆ ಪಾಲನೆಯೇ ಹೊರತು ಸ್ವಾಮ್ಯವಲ್ಲವೆಂದೂ, ಆದುದರಿಂದ ಮಹಾಭೂಮಿಯು ದಾನಕ್ಕೆ ಅರ್ಹವಾದ ವಸ್ತುವಲ್ಲವೆಂದೂ ಸ್ಪಷ್ಟಪಡಿಸಿದ್ದಾರೆ.

ಪಾಠಶಾಲೆಯ ಎಳೆಯ ವಿದ್ಯಾರ್ಥಿಗೆ ಈ ಅಧಿಕರಣವನ್ನು ಓದುವಾಗ ನಗೆ ಬರುವುದು ಸಹಜ. ಭೂಮಂಡಲವನ್ನು ಯಾರು ಯಾರಿಗೆ ಕೊಟ್ಟರು? ಬಾರದ ಮಳೆಗೆ ಕೊಡೆ ಹಿಡಿಯುವ ಚರ್ಚೆಯಂತೆ ಇದು ತೋರುತ್ತದೆ. ಆದರೆ ಕ್ರಿ. ಶ. ೧೮೫೦ನೆಯ ಇಸವಿ ಸೆಪ್ಟೆಂಬರ್ ೨೭ರಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸರಕಾರವು, ತಾನು ಕ್ರಯಕ್ಕೆ ಕೊಳ್ಳದೆಯೂ ಯುದ್ಧದಲ್ಲಿ ಗೆಲ್ಲದೆಯೂ ಇದ್ದ ಒಂದು ಸೀಮೆಯನ್ನು ಎಕರೆಯ ಲೆಕ್ಕದಲ್ಲಿ ತನ್ನ ಪ್ರಜೆಗಳಿಗೆ ಪುಕ್ಕಟೆಯಾಗಿ ಹಂಚುವ ಶಾಸನವೊಂದನ್ನು ಮಾಡಿತು. ಆ ಶಾಸನಕ್ಕೆ ರೂಢಿಯಲ್ಲಿ ಬಂದ ಹೆಸರೇ ‘ಡೊನೇಷನ್ ಲ್ಯಾಂಡ್ ಕ್ಲೇಮ್ ಆಕ್ಟ್’, ಎಂದರೆ ಭೂದಾನದ ಶಾಸನ. ಮೀಮಾಂಸಕರು ಊಹೆಯಿಂದ ಎತ್ತಿದ ಪ್ರಶ್ನೆಯು ಏಳು ಸಮುದ್ರಗಳಾಚೆ ಹೀಗೆ ಪ್ರತ್ಯಕ್ಷವಾಗಿ ಬಂದು ನಿಂತಿತು.

ಆ ಸೀಮೆಯ ಹೆಸರು ಆರೆಗನ್. ಅಮೆರಿಕಾ ಖಂಡದ ಪಶ್ಚಿಮ ತೀರದಲ್ಲಿ ಕೊಲಂಬಿಯಾ ಎಂಬ ಮಹಾನದಿಯು ಶಾಂತಸಾಗರವನ್ನು ಸೇರುವಲ್ಲಿಂದ ಅದರ ಕಥೆ ಮೊದಲಾಗುತ್ತದೆ. ನದಿಯ ಅಳಿವೆಯು ಬಹು ಭಯಂಕರವಾದುದು. ಹೊಳೆಯ ಸೆಳವೂ ಸಮುದ್ರದ ತೆರೆಯೂ ಮರಳದಿಣ್ಣೆಗಳ ಮೇಲೆ ಪರಸ್ಪರ ಅಪ್ಪಳಿಸುವುದರಿಂದ ಅಲ್ಲಿ ಒಡೆದ ಹಡಗುಗಳಿಗೆ ಲೆಕ್ಕವಿಲ್ಲ. ದಡದಲ್ಲಿ ಮುಗಿಲೆತ್ತರದ ದೇವದಾರು ಜಾತಿಯ ಮರಗಳು. ಚಳಿಗಾಲವೆಲ್ಲ ಮಂಜು ಮತ್ತು ಬಿಡದ ಮಳೆ. ಘಟ್ಟದ ಕೆಳಗಿನ ಆಷಾಢವನ್ನು ಕಂಡವರು ಅದನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಅಳಿವೆಯ ಉತ್ತರ ದಡದಲ್ಲಿ ಚಿನೂಕರೂ ದಕ್ಷಿಣ ದಡದಲ್ಲಿ ಕ್ಲಾಟ್ಸಪರೂ ವಾಸವಾಗಿದ್ದರು. ಸೀಳಿದ ಹಲಗೆಗಳ ಉದ್ದನೆಯ ಮನೆಗಳು, ಒಂದೇ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಗಳು, ಹಂಗಾಮಿನಲ್ಲಿ ನದಿಯೇರಿ ಬರುವ ಸಾಲ್ಮನ್ ಮೀನು, ಅದನ್ನು ಒಣಗಿಸಿ ದೂರದ ಜನರೊಡನೆ ಮಾಡುವ ವ್ಯಾಪಾರ, ಇವು ಅವರ ಐಶ್ವರ್ಯ. ಸಮುದ್ರದ ಒಂದು ಜಾತಿಯ ಚಿಪ್ಪೇ ಅವರ ನಾಣ್ಯ. ವ್ಯವಹಾರದಲ್ಲಿ ಅವರು ಎಷ್ಟು ನಿಪುಣರೆಂದರೆ, ಅನೇಕ ಭಾಷೆಗಳ ಮಾತುಗಳು ಬೆರೆತ ಒಂದು ವ್ಯಾಪಾರಭಾಷೆಯು ಅವರ ಹೆಸರಿನಿಂದಲೇ ಆ ತೀರದಲ್ಲೆಲ್ಲ ನಡೆಯಿತು. ಅವರು ಗುಲಾಮರನ್ನು ಇಟ್ಟುಕೊಂಡು ಕೊಂಡುಮಾರುತ್ತಿದ್ದರೆಂಬುದನ್ನೂ ಮುಚ್ಚಬೇಕಾದ ಕಾರಣವಿಲ್ಲ. ನ್ಯಾಯವು ಋಷಿಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ಯಾವ ಧರ್ಮಶಾಸ್ತ್ರವೂ ಹೇಳಿಲ್ಲ.

ಕನ್ನಡದಲ್ಲಿ ‘ಕಂಡುಹಿಡಿ’ ಎಂಬ ಮಾತು ವಿಚಿತ್ರವಾದುದು. ಕಾಣುವುದು ಬೇರೆ, ಹಿಡಿಯುವುದು ಬೇರೆ. ಭಾಷೆಯು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ವಿಜ್ಞಾನಿಯ ವಿಷಯದಲ್ಲಿ ಇದರಿಂದ ಬಾಧಕವಿಲ್ಲ. ನಾವಿಕರ ವಿಷಯದಲ್ಲಿ ಮಾತ್ರ ಆ ಎರಡು ಕ್ರಿಯೆಗಳು ಅಕ್ಷರಶಃ ಒಂದರ ಹಿಂದೊಂದು ನಡೆದವು. ೧೭೭೫ರ ಆಗಸ್ಟ್ ತಿಂಗಳಲ್ಲಿ ಸ್ಪೇಯಿನ್ ದೇಶದ ಬ್ರೂನೋ ದೆ ಎಸೇತನು ಈ ಅಳಿವೆಯನ್ನು ದೂರದಿಂದ ಕಂಡನಾದರೂ ಒಳಹೋಗಲಿಲ್ಲ. ೧೭೮೮ರಲ್ಲಿ ಇಂಗ್ಲಿಷಿನವನಾದ ಜಾನ್ ಮೀರ್ಸನು ನದಿಯನ್ನು ಹುಡುಕಿ ಕಾಣದೆ, ಅಲ್ಲಿನ ಭೂಶಿರಕ್ಕೆ ಆಶಾಭಂಗದ ಹೆಸರಿಟ್ಟು ಹಿಂದಿರುಗಿದನು. ೧೭೯೨ರ ಏಪ್ರಿಲಿನಲ್ಲಿ ಜಾರ್ಜ್ ವ್ಯಾಂಕೂವರನು ಅದರ ಮುಂದೆಯೇ ಹಾದುಹೋದನು. ಕಡೆಗೆ ಅದೇ ಮೇ ೧೧ರಂದು ಬಾಸ್ಟನ್ನಿನ ವರ್ತಕ ನಾವಿಕನಾದ ರಾಬರ್ಟ್ ಗ್ರೇ ಎಂಬುವನು ತನ್ನ ಹಡಗನ್ನು ಮರಳದಿಣ್ಣೆ ದಾಟಿಸಿ ಒಳತಂದನು. ಚೀನದ ಕ್ಯಾಂಟನ್ನಿನಲ್ಲಿ ಮಾರಲು ನೀರುನಾಯಿಯ ತುಪ್ಪುಳದ ಚರ್ಮಗಳು ಅವನಿಗೆ ಬೇಕಾಗಿದ್ದವು. ತನ್ನ ಹಡಗಿನ ಹೆಸರನ್ನೇ ಅವನು ನದಿಗೆ ಇಟ್ಟನು. ಅವನು ಈ ಕಾರ್ಯವನ್ನು ಮಾಡುತ್ತಿರುವಾಗ ಹಡಗಿನ ಸುತ್ತ ದೋಣಿಗಳ ಗುಂಪು ಬಂದು ನಿಂತಿತ್ತು. ದೋಣಿಗಳಲ್ಲಿದ್ದವರು ಆ ನದಿಯ ನೀರನ್ನು ಹುಟ್ಟಿದಂದಿನಿಂದ ಕುಡಿದವರು.

ಅದೇ ವರ್ಷ ಅಕ್ಟೋಬರಿನಲ್ಲಿ ವ್ಯಾಂಕೂವರನ ಅಧಿಕಾರಿಯಾದ ವಿಲಿಯಂ ಬ್ರಾಟನ್ನನು ನದಿಯಲ್ಲಿ ಸುಮಾರು ನೂರು ಮೈಲಿ ಮೇಲಕ್ಕೆ ಹೋಗಿ, ಒಂದು ದಡದಲ್ಲಿಳಿದು, ಇಂಗ್ಲೆಂಡಿನ ಅರಸನ ಹೆಸರಿನಲ್ಲಿ ಆ ದೇಶವನ್ನು ಸ್ವಾಧೀನಪಡಿಸಿಕೊಂಡ ವಿಧಿಯನ್ನು ನಡೆಸಿದನು. ಅವನೊಡನೆ ಸ್ನೇಹದಿಂದ ಬಂದಿದ್ದ ಒಬ್ಬ ವೃದ್ಧ ನಾಯಕನೂ ಆ ವಿಧಿಯಲ್ಲಿ ಸೇರಿಕೊಂಡು ಅರಸನ ಆಯುರಾರೋಗ್ಯಕ್ಕಾಗಿ ಪಾನ ಮಾಡಿದನೆಂದು ಇಂಗ್ಲಿಷರೇ ಬರೆದಿಟ್ಟಿದ್ದಾರೆ. ವೃದ್ಧನಿಗೆ ಅದು ಅತಿಥಿಯ ಉಪಚಾರ. ಅತಿಥಿಗೆ ಅದು ಕ್ರಯಪತ್ರದ ಸಾಕ್ಷಿ. ಈ ಸೀಮೆಯ ಇತಿಹಾಸದಲ್ಲಿ ಇದಕ್ಕಿಂತ ದುಃಖಕರವಾದ ಘಟನೆಗಳು ಹಲವಿದ್ದರೂ, ಮನಸ್ಸನ್ನು ಇಷ್ಟು ಚುಚ್ಚುವುದು ಬೇರೊಂದಿಲ್ಲ. ೧೮೧೩ರ ಡಿಸೆಂಬರಿನಲ್ಲಿ ವಿಲಿಯಂ ಬ್ಲ್ಯಾಕ್ ಎಂಬ ಇಂಗ್ಲಿಷ್ ಕಪ್ತಾನನು, ಅಮೆರಿಕನರು ೧೮೧೧ರಲ್ಲಿ ಕಟ್ಟಿದ್ದ ಆಸ್ಟೋರಿಯಾ ಕೋಠಿಯಲ್ಲಿ ಮದ್ಯದ ಸೀಸೆಯೊಡೆದು ಮತ್ತೊಮ್ಮೆ ಸ್ವಾಧೀನವಿಧಿಯನ್ನು ಮಾಡಿದನು. ಆ ಕೋಠಿಯನ್ನು ಅದಕ್ಕೆ ಮುಂಚೆಯೇ ಇಂಗ್ಲಿಷ್ ವ್ಯಾಪಾರಿಗಳು ಹಣಕೊಟ್ಟು ಕೊಂಡುಕೊಂಡಿದ್ದರು. ತಾವೇ ಕೊಂಡದ್ದನ್ನು ತಾವೇ ಗೆದ್ದ ಈ ವಿನೋದವನ್ನು ಚಿನೂಕರು ಏನೆಂದು ಬಗೆದರೋ!

ಇನ್ನು ಪೂರ್ವಪಕ್ಷಗಳ ವಿಚಾರ. ಮೊದಲನೆಯದು ಕಂಡವನ ಹಕ್ಕು. ೧೮೨೩ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶನಾದ ಜಾನ್ ಮಾರ್ಷಲನು, ಕಂಡುಹಿಡಿದ ರಾಜ್ಯಕ್ಕೆ ಭೂಮಿಯ ಪರಮ ಸ್ವಾಮ್ಯವೂ, ಮೂಲನಿವಾಸಿಗಳಿಗೆ ವಾಸಿಸುವ ಹಕ್ಕು ಮಾತ್ರವೂ ಉಂಟೆಂದು ತೀರ್ಪುಕೊಟ್ಟನು. ಆ ವ್ಯಾಜ್ಯದಲ್ಲಿ ವಾದಿಯೂ ಪ್ರತಿವಾದಿಯೂ ಬಿಳಿಯರೇ. ಯಾರ ಭೂಮಿಯ ವಿಚಾರವಾಗಿ ತೀರ್ಪಾಯಿತೋ ಅವರು ನ್ಯಾಯಾಲಯದಲ್ಲಿರಲಿಲ್ಲ. ಈ ವಾದವು ಅತಿರೇಕದ್ದೆಂಬುದನ್ನು ಮಾರ್ಷಲನೇ ಒಪ್ಪಿಕೊಂಡು, ಒಂದು ದೇಶವೇ ಅದರ ಆಧಾರದ ಮೇಲೆ ನೆಲಸಿರುವುದರಿಂದ ಅದನ್ನು ಪ್ರಶ್ನಿಸಲಾಗದೆಂದನು. ನ್ಯಾಯಾಧಿಪತಿಯು ಪ್ರಾಮಾಣಿಕನೆಂದು ಇದರಿಂದ ಹೇಳಬಹುದು. ತೀರ್ಪು ನ್ಯಾಯವೆಂದು ಹೇಳುವುದು ಕಷ್ಟ. ಇದೇ ವಾದಕ್ಕೆ ಹದಿನೈದನೆಯ ಶತಮಾನದಲ್ಲಿ ಬೆಂಬಲವಾಗಿ ನಿಂತ ಪೋಪರ ಪೀಠವು ೨೦೨೩ರ ಮಾರ್ಚಿಯಲ್ಲಿ ಅದನ್ನು ಬಹಿರಂಗವಾಗಿ ತ್ಯಜಿಸಿತು.

ಎರಡನೆಯ ಪೂರ್ವಪಕ್ಷವು ಹೆಚ್ಚು ಬಲವಾದುದು. ಭರತಖಂಡದ ಸ್ಮೃತಿಯೇ ಅದರ ಪಕ್ಷದಲ್ಲಿ ನಿಲ್ಲುವಂತಿದೆ. ಯಾವನು ಮರದ ಮೋಟುಗಳನ್ನು ಕಿತ್ತು ನೆಲವನ್ನು ಹಸನುಮಾಡಿದನೋ ಹೊಲವು ಅವನದು, ಯಾವನ ಬಾಣವು ಮೊದಲು ನಾಟಿತೋ ಜಿಂಕೆಯು ಅವನದು ಎಂಬ ಅಭಿಪ್ರಾಯವನ್ನು ಮನುವು ಒಂಬತ್ತನೆಯ ಅಧ್ಯಾಯದಲ್ಲಿ ಪ್ರಸಂಗವಶಾತ್ ಹೇಳುತ್ತಾನೆ. ಆರೆಗನ್ನಿಗೆ ಬಂದ ಒಕ್ಕಲಿಗರು ಸಾಮಾನ್ಯರಲ್ಲ. ೧೮೪೩ರಿಂದ ಮುಂದೆ ವರ್ಷವರ್ಷವೂ ಎತ್ತಿನ ಗಾಡಿಗಳಲ್ಲಿ ಹೆಂಡತಿಮಕ್ಕಳನ್ನು ಕೂಡಿಸಿಕೊಂಡು, ಸುಮಾರು ಎರಡು ಸಾವಿರ ಮೈಲಿಗಳ ದಾರಿಯನ್ನು ಬಹುಪಾಲು ಕಾಲ್ನಡೆಯಲ್ಲಿ ಕ್ರಮಿಸಿ, ವಾಂತಿಭೇದಿಯಿಂದ ಸತ್ತವರನ್ನು ದಾರಿಯ ಬದಿಯಲ್ಲಿಯೇ ಹೂತು ಬಂದವರು ಅವರು. ಅವರ ಶ್ರಮಕ್ಕೆ ಬೆಲೆಯಿಲ್ಲವೆನ್ನಲು ಯಾರಿಗೆ ಬಾಯಿ ಬಂದೀತು?

ಆದರೆ ಮೋಟು ಕಿತ್ತವರಾರು ಎಂಬುದನ್ನು ನೋಡಬೇಕು. ಅವರಲ್ಲಿ ಹೆಚ್ಚಿನವರು ನೆಲಸಿದ್ದು ಸಮುದ್ರದಿಂದ ನೂರು ಮೈಲಿಯಷ್ಟು ಒಳಗೆ, ದಕ್ಷಿಣದಿಂದ ಹರಿದು ಬಂದು ಕೊಲಂಬಿಯಾವನ್ನು ಸೇರುವ ವಿಲಾಮೆಟ್ ನದಿಯ ಕಣಿವೆಯಲ್ಲಿ. ಆ ಕಣಿವೆಯು ಕಾಡಾಗಿರಲಿಲ್ಲ. ಅಲ್ಲಲ್ಲಿ ಓಕ್ ಮರಗಳಿದ್ದ, ನೇಗಿಲಿಗೆ ಸಿದ್ಧವಾದ ಹುಲ್ಲುಬಯಲಾಗಿತ್ತು. ದೇವರು ತಮಗಾಗಿ ಉದ್ಯಾನವನ್ನೇ ಮಾಡಿಟ್ಟಿದ್ದಾನೆಂದು ಬಂದವರಿಗೆ ತೋರಿತು. ಅದನ್ನು ಹಾಗೆ ಮಾಡಿಟ್ಟವರು ಕಾಲಪೂಯರೆಂಬ ಜನ. ಪ್ರತಿ ವರ್ಷವೂ ಬೇಸಿಗೆಯ ಕೊನೆಯಲ್ಲಿ ಅವರು ಹುಲ್ಲಿಗೆ ಬೆಂಕಿಯಿಟ್ಟು, ಕಾಡು ಬಯಲನ್ನು ನುಂಗದಂತೆ ತಡೆದು, ತಮ್ಮ ಮುಖ್ಯ ಆಹಾರವಾದ ಕಾಮಸ್ ಗೆಡ್ಡೆಗೆ ನೆಲವನ್ನು ತೆರವುಮಾಡಿ, ಜಿಂಕೆಗೆ ಮೇವನ್ನು ಬೆಳೆಯುತ್ತಿದ್ದರು. ಬೇಲಿಯಿಲ್ಲದ್ದನ್ನು ಹೊಲವೆಂದು ಕಾಣಲು ಬಂದವರ ಕಣ್ಣಿಗೆ ಅಭ್ಯಾಸವಿರಲಿಲ್ಲ. ಮಲೆನಾಡಿನಲ್ಲಿ ಕುಮರಿಯ ಬೇಸಾಯವನ್ನು ಕಾಡಿನ ಹಾಳೆಂದು ಬರೆದ ಅಧಿಕಾರಿಗಳ ಕಣ್ಣೂ ಇಂಥದ್ದೇ. ಹೀಗಿರುವಲ್ಲಿ ಮನುವಿನ ಆ ವಚನವು ಒಕ್ಕಲಿಗರಿಗೆ ಸಾಧಕವಾಗದೆ ಕಾಲಪೂಯರಿಗೇ ಸಾಧಕವಾಗುತ್ತದೆ.

ಮೂರನೆಯದಾಗಿ, ಭೂಮಿಯು ಬರಿದಾಗಿತ್ತೆಂಬ ವಾದ. ಇದರಲ್ಲಿ ಅರ್ಧಾಂಶ ಸತ್ಯವುಂಟು. ಹಡಗುಗಳೊಡನೆ ಸಿಡುಬು ಬಂದಿತ್ತು. ೧೮೩೦ರಿಂದ ಮುಂದೆ ಕೆಲವು ವರ್ಷಗಳ ಕಾಲ ಪ್ರತಿ ಬೇಸಿಗೆಯಲ್ಲಿಯೂ ಚಳಿಜ್ವರವೊಂದು ಹಬ್ಬಿತು. ಅದು ಮಲೇರಿಯವೆಂದು ಈಗಿನ ವಿದ್ವಾಂಸರ ಅಭಿಪ್ರಾಯ. ಕೆಳಗಣ ಕೊಲಂಬಿಯಾ ಮತ್ತು ವಿಲಾಮೆಟ್ ತೀರಗಳ ಜನರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಂದು ದಶಕದಲ್ಲಿ ನಾಶವಾದರೆಂದು ಅಂದಾಜು ಮಾಡಿದ್ದಾರೆ. ಆಸ್ಟೋರಿಯಾದ ವ್ಯಾಪಾರಿಗಳ ದೋಣಿ ಮಗುಚಿದಾಗ ಅವರನ್ನು ನೀರಿನಿಂದೆತ್ತಿ ಬದುಕಿಸಿದವರ ನಾಯಕನೂ, ಅವರಲ್ಲೊಬ್ಬನಿಗೆ ಮಗಳನ್ನು ಕೊಟ್ಟವನೂ ಆದ ಕಾಂಕಮ್ಲಿ ಎಂಬ ಚಿನೂಕ್ ಪ್ರಮುಖನು ಆ ಕಾಲದಲ್ಲಿಯೇ ತೀರಿಕೊಂಡನು. ೧೮೩೫ರಲ್ಲಿ ವ್ಯಾಪಾರಿ ಕಂಪೆನಿಯ ವೈದ್ಯನೊಬ್ಬನು ಅವನ ಶವವಿದ್ದಲ್ಲಿಂದ ತಲೆಬುರುಡೆಯನ್ನು ತೆಗೆದು ಶಾಸ್ತ್ರಾಧ್ಯಯನಕ್ಕೆಂದು ಇಂಗ್ಲೆಂಡಿಗೆ ಕಳುಹಿಸಿದನು. ಹಳ್ಳಿಯಲ್ಲಿ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ಬೀಗ ಬಿದ್ದರೆ ಹತ್ತನೆಯ ಮನೆಯವನ ಹಕ್ಕೂ ಹೋಗುವುದೆಂದು ಹೇಳುವವರಾರು? ಉಳಿದವನು ವಾರಸುದಾರನು.

ಈಗ ದಾನದ ವಿಚಾರಕ್ಕೆ ಬರಬಹುದು. ೧೮೪೬ರ ಒಪ್ಪಂದದಿಂದ ಇಂಗ್ಲೆಂಡೂ ಅಮೆರಿಕಾವೂ ನಲವತ್ತೊಂಬತ್ತನೆಯ ಅಕ್ಷಾಂಶದ ರೇಖೆಯಲ್ಲಿ ಆ ದೇಶವನ್ನು ಪಾಲುಮಾಡಿಕೊಂಡವು. ಇದು ಅಣ್ಣತಮ್ಮಂದಿರ ವಿಭಾಗಪತ್ರದಂತಿತ್ತು. ಆಸ್ತಿ ಮಾತ್ರ ನೆರೆಯವನದು. ೧೮೪೮ರಲ್ಲಿ ಆರೆಗನ್ ಪ್ರಾಂತವನ್ನು ರಚಿಸುವಾಗ, ಒಪ್ಪಂದದಿಂದ ಬಿಡಿಸಿಕೊಳ್ಳುವವರೆಗೆ ಮೂಲನಿವಾಸಿಗಳ ಸ್ವತ್ತಿನ ಹಕ್ಕುಗಳಿಗೆ ಕುಂದಿಲ್ಲವೆಂದು ಅಮೆರಿಕಾದ ಶಾಸನಸಭೆಯೇ ಬರೆದುಕೊಟ್ಟಿತು. ಎರಡು ವರ್ಷಗಳ ತರುವಾಯ ಅದೇ ಸಭೆಯು, ಒಂದೂ ಒಪ್ಪಂದ ಊರ್ಜಿತವಾಗುವ ಮೊದಲೇ, ಅದೇ ನೆಲವನ್ನು ಹಂಚಿತು. ೧೮೫೦ರ ಡಿಸೆಂಬರಿಗೆ ಮುಂಚೆ ಬಂದಿದ್ದ ಬಿಳಿಯ ಗಂಡಸಿಗೆ ೩೨೦ ಎಕರೆ. ಮದುವೆಯಾದವನಿಗೆ ಅಷ್ಟೇ ಹೆಚ್ಚಾಗಿ ಅವನ ಹೆಂಡತಿಯ ಹೆಸರಿನಲ್ಲಿ. ನಾಲ್ಕು ವರ್ಷ ವಾಸಮಾಡಿ ಸಾಗುವಳಿ ಮಾಡಬೇಕೆಂಬುದು ನಿಬಂಧನೆ. ತರುವಾಯ ಬಂದವರಿಗೆ ಅರ್ಧದಷ್ಟು. ೧೮೫೫ರಲ್ಲಿ ಶಾಸನದ ಅವಧಿ ತೀರುವುದರೊಳಗೆ ಏಳು ಸಾವಿರಕ್ಕೂ ಹೆಚ್ಚು ಹಕ್ಕುದಾರರಿಗೆ ಸುಮಾರು ಇಪ್ಪತ್ತೈದು ಲಕ್ಷ ಎಕರೆ ಸಂದಿತು. ಹೆಂಗಸಿಗೆ ಸ್ವಂತ ಹೆಸರಿನಲ್ಲಿ ಭೂಮಿ ಕೊಟ್ಟುದು ಆ ಕಾಲಕ್ಕೆ ದೊಡ್ಡ ಮಾತು. ಒಳ್ಳೆಯ ಕಾರ್ಯವೊಂದು ಪರರ ಸ್ವತ್ತಿನಿಂದ ನಡೆದುದು ಅದರ ದುರ್ದೈವ. ಹಸಿದು ಬಂದ ಒಕ್ಕಲಿಗರಿಗೆ ಬೀಜಧಾನ್ಯವನ್ನು ಸಾಲಕೊಟ್ಟು ಸಲಹಿದ ಜಾನ್ ಮೆಕ್‌ಲಾಕ್ಲಿನ್ನನ ಭೂಮಿಯನ್ನು ಈ ಶಾಸನವು ಕಿತ್ತುಕೊಂಡಿತೆಂಬುದನ್ನೂ ಇಲ್ಲಿ ಹೇಳಬಹುದು. ಅವನು ೧೮೫೭ರಲ್ಲಿ ಸತ್ತನು; ೧೮೬೨ರಲ್ಲಿ ಅದು ಅವನ ವಾರಸುದಾರರಿಗೆ ಹಿಂದಿರುಗಿತು.

ಶಾಸನ ಮಾಡಿದ ಮರುವರ್ಷ, ೧೮೫೧ರ ಆಗಸ್ಟಿನಲ್ಲಿ, ಆನ್ಸನ್ ಡಾರ್ಟ್ ಎಂಬ ಅಧಿಕಾರಿಯು ಅಳಿವೆಯ ಬಳಿಯ ಟ್ಯಾನ್ಸಿ ಪಾಯಿಂಟಿನಲ್ಲಿ ಚಿನೂಕ, ಕ್ಲಾಟ್ಸಪ ಮೊದಲಾದವರನ್ನು ಕೂಡಿಸಿ ಒಪ್ಪಂದಗಳನ್ನು ಬರೆಯಿಸಿದನು. ಭೂಮಿಯನ್ನು ಬಿಟ್ಟುಕೊಡಲು ಅವರು ಒಪ್ಪಿದರೂ, ಪರ್ವತಗಳ ಪೂರ್ವಕ್ಕೆ ಸಾಗಲು ಒಪ್ಪಲಿಲ್ಲ. ಪಿತೃಗಳ ಅಸ್ಥಿಗಳಿರುವಲ್ಲಿಯೇ ಇರುವೆವೆಂದರು. ಅಲ್ಲಿನ ಹಿರಿಯ ಸಭೆಯಾದ ಸೆನೇಟು ಆ ಒಪ್ಪಂದಗಳನ್ನು ಅಂಗೀಕರಿಸಲೇ ಇಲ್ಲ. ೧೮೫೫ರಲ್ಲಿ ಚೆಹೇಲಿಸ್ ನದಿಯ ಬಳಿ ಐಸಾಕ್ ಸ್ಟೀವನ್ಸನು ಮತ್ತೊಮ್ಮೆ ಕೂಡಿಸಿ, ಬೇರೊಂದು ಜನಾಂಗದ ಸೀಮೆಗೆ ಹೋಗಿರಿ ಎಂದಾಗ ಚಿನೂಕರು ಸಹಿಮಾಡದೆ ಎದ್ದುಹೋದರು. ಹೀಗೆ ಕೊಟ್ಟವರ ಸಹಿಯಿಲ್ಲದೆ ಕೊಡುವಿಕೆಯು ಮುಗಿದುಹೋಯಿತು.

ದಾನಕ್ಕೆ ದಾತೃವಿನ ಸ್ವಾಮ್ಯವೇ ಪ್ರಾಣ. ಒಡೆಯನಲ್ಲದವನು ಮಾಡಿದ ಕೊಡುಗೆಯಾಗಲಿ ಮಾರಾಟವಾಗಲಿ ಆಗಿಯೇ ಇಲ್ಲವೆಂದು ತಿಳಿಯತಕ್ಕದ್ದೆಂಬುದು ಮನುವಿನ ಅಸ್ವಾಮಿವಿಕ್ರಯ ಪ್ರಕರಣದ ನಿರ್ಣಯ. ಅರಸರು ಗ್ರಾಮಗಳನ್ನು ಕೊಟ್ಟ ತಾಮ್ರಶಾಸನಗಳು ಕರ್ನಾಟಕದಲ್ಲಿಯೇ ಅನೇಕ ಇವೆಯಲ್ಲಾ ಎಂದು ಇಲ್ಲಿ ಆಕ್ಷೇಪ ಬರಬಹುದು. ಅಲ್ಲಿ ಅರಸನು ಕೊಟ್ಟುದು ಸಾಧಾರಣವಾಗಿ ತನಗೆ ಬರತಕ್ಕ ತೆರಿಗೆಯನ್ನು. ಉಳುವವನ ನೇಗಿಲು ಅವನ ಹೊಲದಲ್ಲಿಯೇ ನಡೆಯುತ್ತಿತ್ತು. ಉಳುವವನನ್ನು ಎಬ್ಬಿಸಿ ಓಡಿಸಿದ ಅರಸರೂ ಇದ್ದಿರಬಹುದು; ಅವರನ್ನು ಸಮರ್ಥಿಸುವ ಹೊರೆಯನ್ನು ಮೀಮಾಂಸಕರು ಹೊತ್ತಿಲ್ಲ.

ಪ್ರತಿಗ್ರಹ ಮಾಡಿದವನ ದೋಷವೆಷ್ಟು ಎಂಬುದು ಇದಕ್ಕಿಂತ ಕಠಿನವಾದ ಪ್ರಶ್ನೆ. ಹತ್ತು ಮಂದಿಯೆದುರು ಸಂತೆಯಲ್ಲಿ ಕ್ರಯಕೊಟ್ಟು ಕೊಂಡವನಿಗೆ ದಂಡವಿಲ್ಲ, ಆದರೆ ವಸ್ತುವು ಒಡೆಯನಿಗೆ ಸೇರತಕ್ಕದ್ದು ಎಂದು ಸ್ಮೃತಿಯು ವಿಭಾಗಿಸುತ್ತದೆ. ಆರೆಗನ್ನಿನ ಒಕ್ಕಲಿಗನು ಸರಕಾರದ ಮೊಹರನ್ನು ನಂಬಿದನು. ಅಷ್ಟರಮಟ್ಟಿಗೆ ಅವನು ಕಳ್ಳನಲ್ಲ. ಆದರೆ ಅವನು ಕುರುಡನೂ ಆಗಿರಲಿಲ್ಲ. ತನ್ನ ಬೇಲಿಯೊಳಗೆ ಗೆಡ್ಡೆ ಅಗೆಯಲು ಬಂದ ಮುದುಕಿಯನ್ನು ನೋಡಿದವನಿಗೆ, ಇವಳು ನಿನ್ನೆ ಎಲ್ಲಿ ಅಗೆಯುತ್ತಿದ್ದಳೆಂದು ತಿಳಿಯಲು ಶಾಸ್ತ್ರ ಬೇಕಾಗಿರಲಿಲ್ಲ. ತಿಳಿದೂ ಕೇಳದಿದ್ದುದು ಅವನ ಪಾಲಿನ ದೋಷ. ಅದು ದೊಡ್ಡದೆನ್ನಲಾಗದು, ಆದರೆ ಏಳು ಸಾವಿರ ಮನೆಗಳಲ್ಲಿ ಅದು ಒಟ್ಟುಗೂಡಿದಾಗ ಒಂದು ಜನಾಂಗವು ತನ್ನ ಊರಿನಲ್ಲಿಯೇ ಪರದೇಶಿಯಾಯಿತು.

ಕಾಲವು ಎಲ್ಲವನ್ನೂ ಮುಚ್ಚುವುದಿಲ್ಲವೇ ಎಂದು ಕಡೆಯ ಪೂರ್ವಪಕ್ಷ. ಒಡೆಯನು ಕಣ್ಣೆದುರಿಗೆ ನೋಡುತ್ತಲೂ ಮಾತಾಡದೆ ಇದ್ದರೆ ಪರನು ಇಪ್ಪತ್ತು ವರ್ಷ ಅನುಭವಿಸಿದ ಭೂಮಿಯು ಅವನಿಗೆ ತಪ್ಪುವುದೆಂದು ಯಾಜ್ಞವಲ್ಕ್ಯನು ಹೇಳಿರುವುದು ನಿಜ. ಆದರೆ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇದಕ್ಕೆ ಬಹು ಸೂಕ್ಷ್ಮವಾದ ಅರ್ಥವನ್ನು ಮಾಡಿದ್ದಾನೆ. ಅಲ್ಲಿ ನಷ್ಟವಾಗುವುದು ಆ ವರ್ಷಗಳ ಫಲ ಮಾತ್ರ. ಭೂಮಿಯ ಸ್ವಾಮ್ಯವು ನಷ್ಟವಾಗುವುದಿಲ್ಲ. ಅನ್ಯಾಯವು ಹಳೆಯದಾದ ಮಾತ್ರಕ್ಕೆ ನ್ಯಾಯವಾಗದೆಂಬ ನಿಲುವನ್ನು ಎಂಟುನೂರು ವರ್ಷಗಳಿಗೂ ಹಿಂದೆ ಕನ್ನಡನಾಡಿನ ಆ ವಿದ್ವಾಂಸನು ತಾಳಿದನು. ಮೇಲಾಗಿ ಚಿನೂಕರು ಮೌನವಾಗಿಯೂ ಇರಲಿಲ್ಲ. ೧೮೫೧ರಲ್ಲಿ ಮಾತಾಡಿದರು, ೧೮೫೫ರಲ್ಲಿ ಮಾತಾಡಿದರು, ಇಪ್ಪತ್ತನೆಯ ಶತಮಾನದಲ್ಲಿ ನ್ಯಾಯಾಲಯಗಳ ಮೆಟ್ಟಿಲೇರಿ ಮಾತಾಡಿದರು. ೧೯೭೦ರಲ್ಲಿ ಸರಕಾರದ ಆಯೋಗವೊಂದು ಕೆಳಗಣ ಚಿನೂಕ ಮತ್ತು ಕ್ಲಾಟ್ಸಪರ ಭೂಮಿಯ ಬಾಬತ್ತು ಸುಮಾರು ೪೮,೦೦೦ ಡಾಲರುಗಳನ್ನು ಗೊತ್ತುಮಾಡಿತು. ೨೦೦೧ರ ಜನವರಿಯಲ್ಲಿ ಸರಕಾರವು ಚಿನೂಕರನ್ನು ಒಂದು ಜನಾಂಗವೆಂದು ಮನ್ನಿಸಿ, ೨೦೦೨ರ ಜುಲೈಯಲ್ಲಿ ಆ ಮನ್ನಣೆಯನ್ನು ಹಿಂತೆಗೆದುಕೊಂಡಿತು.

ಹಾಗಾದರೆ ಹಿಂದಿರುಗಿಸುವುದೇನು, ಹೇಗೆ? ಏಳು ತಲೆಮಾರಿನಿಂದ ಮನೆಕಟ್ಟಿಕೊಂಡಿರುವವರನ್ನು ಎಬ್ಬಿಸುವುದು ಮತ್ತೊಂದು ಅನ್ಯಾಯಕ್ಕೆ ಮೊದಲಾಗುತ್ತದೆ. ಕಾಂಕಮ್ಲಿಯ ತಲೆಬುರುಡೆಯು ಇಂಗ್ಲೆಂಡಿನಿಂದ ಹಿಂದಿರುಗಿ ೧೯೭೨ರಲ್ಲಿ ಅಳಿವೆಯ ಉತ್ತರ ದಡದ ಇಲ್ವಾಕೋ ಎಂಬಲ್ಲಿ ಮಣ್ಣು ಸೇರಿತು. ಇದಲ್ಲದೆ ಇನ್ನೊಂದು ಸಣ್ಣ ಬಾಕಿಯೂ ಇತ್ತು. ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ಎಂಬ ಪ್ರಸಿದ್ಧ ಶೋಧಕರು ಪೂರ್ವದಿಂದ ಭೂಮಾರ್ಗವಾಗಿ ಬಂದು, ೧೮೦೫–೦೬ರ ಚಳಿಗಾಲವನ್ನು ಕ್ಲಾಟ್ಸಪರ ನೆರೆಯಲ್ಲಿ ಕಳೆದರು. ೧೮೦೬ರ ಮಾರ್ಚಿಯಲ್ಲಿ ಹಿಂದಿರುಗುವಾಗ ಅವರಿಗೆ ಇನ್ನೊಂದು ದೋಣಿ ಬೇಕಾಗಿತ್ತು. ಕ್ಲಾಟ್ಸಪರು ಕೇಳಿದ ಬೆಲೆ ಅವರಲ್ಲಿರಲಿಲ್ಲ. ಚಳಿಗಾಲದಲ್ಲಿ ಇವರು ತಮ್ಮ ಬೇಟೆಯ ಮಾಂಸವನ್ನು ಕದ್ದಿದ್ದರೆಂಬ ನೆವದಿಂದ ಅವರು ಒಂದು ದೋಣಿಯನ್ನು ಕೇಳದೆಯೇ ಒಯ್ದು, ಅದನ್ನು ತಮ್ಮ ದಿನಚರಿಯಲ್ಲಿಯೂ ಬರೆದರು. ತಾವು ಕಟ್ಟಿದ್ದ ಮರದ ಕೋಟೆಯನ್ನು ಕ್ಲಾಟ್ಸಪರ ನಾಯಕನಿಗೆ ಔದಾರ್ಯದಿಂದ ಕೊಟ್ಟುಹೋದರು; ಕೋಟೆ ನಿಂತಿದ್ದ ನೆಲ ಅವನದೇ ಆಗಿತ್ತು.

೨೦೧೧ರ ಸೆಪ್ಟೆಂಬರಿನಲ್ಲಿ ಕ್ಲಾರ್ಕನ ವಂಶಸ್ಥರು ಅಂಥದೇ ಒಂದು ಹೊಸ ದೋಣಿಯನ್ನು ಮಾಡಿಸಿ, ಅಳಿವೆಯ ದಡಕ್ಕೆ ತಂದು ಚಿನೂಕರಿಗೆ ಒಪ್ಪಿಸಿದರು. ಚಿನೂಕರು ಅದನ್ನು ತಮ್ಮ ಪದ್ಧತಿಯಂತೆ ಹಾಡಿ ಸ್ವೀಕರಿಸಿ, ಆ ನದಿಗೆ ಇಳಿಸಿದರು.